ಹೊಡೆಯಲು ಕೊಡದ ನಾಲ್ಕು ಎಸೆತ

ಆ ಸಲದ ಬೇಸ್‌ಬಾಲ್ ಪಂದ್ಯಾವಳಿ ನಮ್ಮ ಹವಾನಾದಲ್ಲೇ ನಡೆಯಿತು. ಹದಿನಾರು ದೇಶಗಳ ತಂಡಗಳು ಬಂದಿದ್ದವು. ನನ್ನ ಗಂಡ ಊರಲ್ಲಿದ್ದ, ಮಗನೂ ಊರಲ್ಲಿದ್ದ, ಮನೆಗೆ ಮಾತ್ರ ಒಬ್ಬನೂ ಬರುವಂತಿರಲಿಲ್ಲ.

ಮಗ ಯೋಸ್ಬೆಲ್, ಗಡ್ಡದಲ್ಲಿ ಬಿಳಿ ಕಾಣಿಸಿಕೊಳ್ಳುವ ವಯಸ್ಸಿಗೆ ಮೊದಲ ಬಾರಿ ದೇಶದ ತಂಡಕ್ಕೆ ಆಯ್ಕೆಯಾಗಿದ್ದ. ಪಂದ್ಯಾವಳಿ ಮುಗಿಯುವವರೆಗೆ ಆಟಗಾರರನ್ನು ಶಿಬಿರದಲ್ಲಿ ಕೂಡಿಹಾಕುವುದು ನಮ್ಮಲ್ಲಿ ವಾಡಿಕೆ. ಹೆಂಡತಿ ಹೆತ್ತರೂ ಸರಿ, ತಾಯಿ ಸತ್ತರೂ ಸರಿ, ಗೇಟು ತೆಗೆಯುವುದಿಲ್ಲ. ಗಂಡ ಎವೆಲಿಯೊನನ್ನು ಸರ್ಕಾರ ಎರಡು ವರ್ಷದ ಮಟ್ಟಿಗೆ ನಿಕರಾಗುವಾ ದೇಶಕ್ಕೆ ತರಬೇತುದಾರನಾಗಿ ಎರವಲು ಕೊಟ್ಟಿತ್ತು. ಅವನು ಆ ದೇಶದ ಹುಡುಗರ ಜೊತೆ ವಿದೇಶಿಯರ ಹೋಟೆಲಿನಲ್ಲಿ ಇಳಿದಿದ್ದ. ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಇಬ್ಬರಿಗೂ ಬಿಡುವು, ಸೋಮವಾರ ಗಂಡನ ವಿಮಾನ. ಆ ಒಂದು ಭಾನುವಾರ ಮೂವರೂ ಒಂದೇ ಮೇಜಿಗೆ ಕೂರಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಸೆಮಿಫೈನಲ್ಲಿನಲ್ಲಿ ಕ್ಯೂಬಾಕ್ಕೂ ನಿಕರಾಗುವಾಕ್ಕೂ ಪಂದ್ಯ ಬಿತ್ತು.

“ನಿನಗೇನು ಬಿಡೇ ಎನೆಯ್ದಾ, ಯಾರು ಗೆದ್ರೂ ನಿಮ್ಮನೆಗೇ ಬಂತು” ಎಂದಳು ಪಕ್ಕದ ಮನೆಯ ಮಿಗ್ದಾಲಿಯಾ.

“ಯಾರು ಸೋತ್ರೂ ನಮ್ಮನೆಗೇ ಬರತ್ತಲ್ಲ, ಅದನ್ಯಾಕೆ ನುಂಗ್ಕೊಂಡೆ?” ಎಂದೆ.

ಮಗನ ಬ್ಯಾಟಿನಲ್ಲಿ ಒಂದು ಹುಳುಕಿತ್ತು. ಅವನು ಚಿಕ್ಕವನಿದ್ದಾಗ ಹಿತ್ತಲಲ್ಲಿ ನಾನು ಬಾಟಲಿ ಮುಚ್ಚಳ ಎಸೆಯುತ್ತಿದ್ದೆ, ಅವನು ಪೊರಕೆ ಕೋಲಿನಿಂದ ಹೊಡೆಯುತ್ತಿದ್ದ. ಎಷ್ಟು ಜೋರಾಗಿ ಎಸೆದರೂ ಮುಚ್ಚಳ ಪಕ್ಕದ ಮಾಡಿನ ಮೇಲೆ ಹೋಗಿ ಬೀಳುತ್ತಿತ್ತು. ಮೆಲ್ಲಗೆ ತೇಲಿ ಬಂದು ಕೊನೆಗೆ ಕುಸಿಯುವ ಮುಚ್ಚಳಕ್ಕೆ ಮಾತ್ರ ಕಾಯಲಾರದೆ ಮೊದಲೇ ಬೀಸಿಬಿಡುತ್ತಿದ್ದ. ತಾಳ್ಮೆ ಇಲ್ಲ, ನನ್ನ ರಕ್ತ. ನಮ್ಮ ಎಸೆತಗಾರರಿಗೆಲ್ಲ ವೇಗದ ಹುಚ್ಚಾದ್ದರಿಂದ ಈ ಗುಟ್ಟು ಮನೆಯ ಮೂವರಲ್ಲೇ ಉಳಿದಿತ್ತು.

ಪಂದ್ಯದ ಹಿಂದಿನ ದಿನ ಹೋಟೆಲಿಗೆ ಹೋದೆ. ಕಾವಲಿನವನು ಅಡ್ಡ ನಿಂತ.

“ಒಳಗೆ ವಿದೇಶದವರಿಗೆ ಮಾತ್ರ, ಅಮ್ಮಾ.”

“ಒಳಗಿರೋನು ನನ್ನ ಗಂಡ. ಹುಟ್ಟಿದ್ದು ಇದೇ ಊರಿನ ಸೆರ್ರೊ ಓಣೀಲಿ. ಅವನು ಯಾವಾಗಪ್ಪಾ ವಿದೇಶದವನಾಗಿದ್ದು?”

ಅವನಿಗೂ ನಗು ಬಂತು, ಆದರೆ ಬಾಗಿಲು ಬಿಡಲಿಲ್ಲ. ಎವೆಲಿಯೊನೇ ಹೊರಗೆ ಬಂದ. ಕಾಲುದಾರಿಯಲ್ಲಿ ಭಿಕ್ಷುಕರ ಹಾಗೆ ನಿಂತು ಮಾತಾಡಿದೆವು. ಅವನು ಸೊರಗಿಹೋಗಿದ್ದ.

“ನಮ್ಮ ಹುಡುಗ್ರು ಬೆಳಗ್ಗಿಂದ ಜೀವ ತಿಂತಿದಾರೆ ಕಣೇ. ನಿಮ್ಮ ಮಗನಿಗೆ ಏನು ಎಸೀಬೇಕು ಹೇಳಿ ಮೇಷ್ಟ್ರೇ ಅಂತ. ಹೇಳಿದ್ರೆ ಅವನ ಕಥೆ ನಾಳೆನೇ ಮುಗೀತು, ಇನ್ನು ಯಾವನೂ ತಂಡಕ್ಕೆ ಕರಿಯಲ್ಲ. ಹೇಳದಿದ್ರೆ ನನ್ನ ನಂಬಿದ ಹುಡುಗ್ರ ಬೆನ್ನಿಗೆ ಚೂರಿ ಹಾಕಿದ ಹಾಗೆ.”

“ನನ್ನ ಹತ್ರನೂ ಸರ್ಕಾರದ ಕಡೆಯ ಒಬ್ಬ ಸಾಹೇಬ ಬಂದಿದ್ದ. ನಿಮ್ಮ ಗಂಡನಿಗೆ ಯಾರೂ ಸೋಲು ಅಂತ ಹೇಳ್ತಿಲ್ಲಮ್ಮ, ಆದ್ರೆ ನಿಮ್ಮ ಮಗ ಚೆನ್ನಾಗಿ ಹೊಡೆದ್ರೆ ಎಲ್ಲರಿಗೂ ಒಳ್ಳೇದು ಅಂದ.”

“ನನ್ನ ಹತ್ರನೂ ಅದೇ ರಾಗ. ಅತ್ತ ದರಿ, ಇತ್ತ ಪುಲಿ.”

“ಹೇಳಿಬಿಡು” ಎಂದೆ. “ಅವನೇನು ಗಾಜಿನ ಲೋಟಾನಾ? ಆಡೋಕೆ ನಿಂತೋನು ಔಟಾಗ್ತಾನೆ. ಏನು ಬೇಕಾದ್ರೂ ಮಾಡು, ಆದ್ರೆ ಅಷ್ಟು ಜನದ ಮುಂದೆ ಅವನನ್ನ ಮಗು ಥರ ಸೊಂಟಕ್ಕೆತ್ಕೋಬೇಡ.”

“ನಿನ್ನೆದೆ ಕಲ್ಲು ಕಣೇ” ಎಂದು ನಕ್ಕ. ಕಲ್ಲಾಗಿರಲಿಲ್ಲ, ಹೆದರಿಕೆಯಾಗಿತ್ತು. ಅಪ್ಪ ಮಗ ಇಬ್ಬರ ಸ್ವಭಾವವೂ ನನಗೆ ಗೊತ್ತು.

ಪಂದ್ಯದ ದಿನ ಕ್ರೀಡಾಂಗಣದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಯೋಸ್ಬೆಲ್ ಎರಡು ಸಲ ಚೆನ್ನಾಗಿ ಹೊಡೆದ. ಅವನಿಗೆ ವೇಗದ ಚೆಂಡುಗಳೇ ಬರುತ್ತಿದ್ದವು. ಗಂಡ ಬಾಯಿ ಬಿಟ್ಟಿಲ್ಲವೆಂದು ಗೊತ್ತಾಯಿತು.

“ಅಪ್ಪ ಮಗನಿಗೆ ಬೆಣ್ಣೆ ಹಚ್ಚಿ ಎಸೆಸ್ತಿದಾನೆ ನೋಡ್ರೋ!” ಎಂದು ಹಿಂದಿನ ಸಾಲಿನ ಮುದುಕನೊಬ್ಬ ಕೂಗಿದ. ತಿರುಗಿ ನೋಡಿದೆ. ಅವನು ತಲೆ ತಗ್ಗಿಸಿ ಕಡಲೆಕಾಯಿ ಬಿಡಿಸತೊಡಗಿದ.

ಕೊನೆಯ ಇನ್ನಿಂಗ್ಸ್. ನಿಕರಾಗುವಾ ಒಂದೇ ಓಟ ಮುಂದಿತ್ತು. ನಮ್ಮವರು ಇಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಆಟ ಮುಗಿದಂತೆ; ಇನ್ನಿಬ್ಬರು ಎರಡನೆಯ, ಮೂರನೆಯ ಬೇಸಿನಲ್ಲಿ ತುದಿಗಾಲಲ್ಲಿ ನಿಂತಿದ್ದರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಪಂದ್ಯ ನಮ್ಮದು. ಬ್ಯಾಟು ಹಿಡಿದು ಬಂದವನು ನನ್ನ ಮಗ. ಅವನ ಹಿಂದೆ ಸರದಿ ಕಾಯುತ್ತಿದ್ದವನು ತಂಡದಲ್ಲೇ ದೊಡ್ಡ ಹೊಡೆತಗಾರ. ಅಂಥವನನ್ನು ಹಿಂದಿಟ್ಟುಕೊಂಡು ನನ್ನ ಮಗನನ್ನು ಹೊಡೆಸದೆ ಬಿಡುವುದು ಹುಚ್ಚುತನವೆಂದು ಬೀದಿಯ ಮಕ್ಕಳಿಗೂ ಗೊತ್ತು.

ಎವೆಲಿಯೊ ಎದ್ದು, ಮೈದಾನದ ನಡುವೆ ಎಸೆತಗಾರನ ಬಳಿಗೆ ಮೆಲ್ಲಗೆ ನಡೆದ. ಕಿವಿಯಲ್ಲಿ ಏನೋ ಹೇಳಿ ವಾಪಸಾದ. ಗುಟ್ಟು ಹೇಳಿದನೆಂದುಕೊಂಡು ನಾನು ಕರವಸ್ತ್ರ ಕಚ್ಚಿ ಕೂತೆ.

ಬ್ಯಾಟಿನವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಎದ್ದು ನಿಂತು ಕೈಯನ್ನು ಪಕ್ಕಕ್ಕೆ ಚಾಚಿದ. ಚೆಂಡು ಬ್ಯಾಟಿಗೆ ಎಟುಕದಷ್ಟು ದೂರ ಹೋಯಿತು. ಹೀಗೆ ಬೇಕೆಂದೇ ನಾಲ್ಕು ಚೆಂಡನ್ನು ದೂರ ಎಸೆದರೆ ಬ್ಯಾಟಿನವನು ಹೊಡೆಯದೆಯೇ ಮೊದಲ ಬೇಸಿಗೆ ನಡೆಯಬೇಕು. ಮಗನ ಗುಟ್ಟನ್ನೂ ಮಾರದೆ, ಹುಡುಗರನ್ನೂ ಮಾರದೆ ನುಸುಳಲು ನನ್ನ ಗಂಡ ಹುಡುಕಿಕೊಂಡ ಸಂದಿ ಅದು. ಬೇಡವೆಂದು ನಾನು ಬಾಯಿ ಬಿಟ್ಟು ಹೇಳಿದ್ದೂ ಅದನ್ನೇ.

ಎರಡನೆಯ ಚೆಂಡಿಗೆ ಯೋಸ್ಬೆಲ್ ಮೈಯೆಲ್ಲ ಚಾಚಿ ಬೀಸಿದ. ಎಟುಕಲಿಲ್ಲ. “ಅಪ್ಪಾ, ಎಸೆಸು!” ಎಂದು ಕಿರುಚಿದ. ಗದ್ದಲದಲ್ಲಿ ಕೇಳಿಸಲಿಲ್ಲ, ತುಟಿ ಕಂಡಿತು. ಬೀಸಿದ ಚೆಂಡು ಆ ನಾಲ್ಕರ ಲೆಕ್ಕಕ್ಕಿಲ್ಲ, ಹಾಗಾಗಿ ಚೆಂಡು ಇನ್ನೂ ಮೂರು ಸಲ ದೂರ ಹೋಯಿತು. ಅವನು ಬ್ಯಾಟನ್ನು ನೆಲಕ್ಕಪ್ಪಳಿಸಿ ಮೊದಲ ಬೇಸಿಗೆ ನಡೆದ. ನಿಕರಾಗುವಾದವರ ಬೆಂಚು ಅದರ ಎದುರಿಗೇ ಇತ್ತು. ವರ್ಷದ ಮೇಲೆ ಅಪ್ಪ ಮಗ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಅಪ್ಪ ತಲೆ ಎತ್ತಲಿಲ್ಲ.

ಮುಂದಿನ ದೊಡ್ಡ ಹೊಡೆತಗಾರ ಮೊದಲ ಚೆಂಡನ್ನೇ ಆಕಾಶಕ್ಕೆ ಎತ್ತಿದ. ಅದು ಬೇಲಿಯ ಹತ್ತಿರ ಒಬ್ಬನ ಕೈಗೆ ಬಿತ್ತು. ನಿಕರಾಗುವಾ ಗೆದ್ದಿತು. ಹುಡುಗರು ಎವೆಲಿಯೊನನ್ನು ಹೆಗಲ ಮೇಲೆ ಹೊತ್ತರು. “ದೇಶದ್ರೋಹಿ!” ಎಂದು ನಮ್ಮವರು ಕೂಗಿದರು. ಅವನ ಮುಖ ಹೆಣದಂತಿತ್ತು.

ಬಸ್ಸುಗಳು ನಿಲ್ಲುವ ಕಡೆ ತಂತಿ ಬೇಲಿಯಿತ್ತು. ಪಹರೆಯವನನ್ನು ಕಾಡಿ ಬೇಡಿ ಮಗನನ್ನು ಕರೆಸಿದೆ. ಅವನು ಬೇಲಿಯಾಚೆ ನಿಂತ. ಕಣ್ಣು ಕೆಂಡವಾಗಿತ್ತು.

“ಅಮ್ಮ, ಒಂದೇ ಮಾತು ಹೇಳು. ಅಪ್ಪ ತಾನಾಗೇ ಮಾಡಿದ್ನಾ? ನನ್ನ ಕಾಪಾಡೋಕೆ? ಊರಿಗೆ ಊರೇ ನೋಡ್ತಿರೋವಾಗ ನನ್ನ ಚಡ್ಡಿ ಹುಡುಗನ್ನ ಮಾಡಿದ್ನಾ?”

ಹೌದೆಂದರೆ ಇವನು ಅಪ್ಪನಿರುವ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಆ ಹಟ ನನ್ನದೇ, ನನಗೆ ಗೊತ್ತಿಲ್ಲವೇ? ಸೋಮವಾರ ಅಪ್ಪ ಹೊರಟುಹೋಗುತ್ತಾನೆ, ಆಮೇಲೆ ಈ ಮುನಿಸು ಕಲ್ಲಾಗುತ್ತದೆ. ಆ ಗಂಡಸನ್ನು ಎಷ್ಟು ಜನ ಬೈಯಬೇಕು? ಬಸ್ಸಿನವನು ಹಾರನ್ ಒತ್ತುತ್ತಿದ್ದ.

“ನಾನೇ ಹೇಳಿದ್ದು” ಎಂದೆ. “ಹೋಟೆಲ್ ಮುಂದೆ ಕಾಲು ಹಿಡ್ಕೊಂಡು ಅತ್ತೆ. ಅವನು ಒಪ್ಪಲೇ ಇಲ್ಲ ಮಗಾ. ಆಡ್ಲಿ ಬಿಡು, ಅವನು ಗಂಡಸು ಅಂದ. ನಾನೇ ಆಣೆ ಹಾಕಿಸ್ಕೊಂಡೆ.”

ಅವನ ಮುಖದ ಬಿಗಿ ಸಡಿಲಿತು. ನನಗಾಗಿ ಅಲ್ಲ.

“ಅಪ್ಪನಿಗೆ ಹೇಳು, ಭಾನುವಾರ ಬರ್ತೀನಿ ಅಂತ. ಅವನ ಜೊತೆ ಕೂತು ಉಣ್ಬೇಕು.”

ತಂತಿಯ ಸಂದಿಯಲ್ಲಿ ಬೆರಳು ತೂರಿಸಿದೆ. ಅವನು ಮುಟ್ಟಲಿಲ್ಲ.

“ಆವತ್ತು ನೀನು ಮಿಗ್ದಾಲಿಯಾ ಮನೇಲಿರು” ಎಂದು ಬಸ್ಸು ಹತ್ತಿದ.