ನಿಂಬೆವ್ವ ತಿಕ್ಕದೇ ಬಿಟ್ಟ ಹೊಟ್ಟೆ

ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ ಮೊದಲು ಓಡುತ್ತಿದ್ದುದು ನಿಂಬೆವ್ವನ ಮನೆಗೆ. ಹೊಕ್ಕುಳ ಬಳಿ ಬಡಿಯುವ ನಾಡಿ ಪಕ್ಕಕ್ಕೆ ಸರಿದಂತೆ ಕಂಡರೆ ಅವಳು "ಬಟ್ಟಿ ಬಿದ್ದದ" ಎನ್ನುವಳು. ಎಣ್ಣೆ ಹಚ್ಚಿ, ತಿಕ್ಕಿ ಕೂಡಿಸುವಳು. ಊರಿನ ಹೊಟ್ಟೆಯೆಲ್ಲ ಅವಳ ಕೈಯಲ್ಲಿದ್ದಾಗ, ಗಂಡ ಖಂಡಪ್ಪನಿಗೇ ಹೊಟ್ಟೆ, ಬೆನ್ನು ನೋಯತೊಡಗಿದರೆ ಅವಳು ಬೇರೆ ಯಾರನ್ನು ಕೇಳಬೇಕು?

ಚಾಪೆಯ ಮೇಲೆ ಮಲಗಿಸಿ ಅಂಗೈ ಇಟ್ಟಳು. ಬೆಲ್ಲದುಂಡೆಯಂಥ ಗಂಟೊಂದು ಬಡಿಬಡಿದು ಅವಳ ಕೈಯನ್ನೇ ಎತ್ತಿತು.

"ಅಬ್ಬಬ್ಬಾ, ಎಂಥಾ ಬಟ್ಟಿ ಬಿದ್ದದ! ಕೈನೇ ಎತ್ತಾಕತ್ತದ!" ಎಂದು ಎಣ್ಣೆಯಲ್ಲಿ ಬೆರಳದ್ದಿದಳು.

ಮಕ್ಕಳ ಲಸಿಕೆಗೆ ಕರೆಯಲು ಬಂದಿದ್ದ ನರ್ಸಬಾಯಿ ಶಮ್ಸುನ್ನಿಸಾ ಆ ಮಾತು ಕೇಳಿ ಹೊಸ್ತಿಲಲ್ಲೇ ಕೂಗಿದಳು: "ನಿಂಬೆವ್ವಾ, ತಿಕ್ಕಬ್ಯಾಡ! ಕೈ ತೆಗಿ!"

"ಯಾಕ ಬೇ? ನಿನ್ನ ಬಟ್ಟಿನೂ ನಾನೇ ಕೂಡಿಸೀನಿ, ಮರ್ತೀ ಏನು?"

ನರ್ಸಬಾಯಿ ಗಂಟಿನ ಮೇಲೆ ಹಗುರವಾಗಿ ಬೆರಳಿಟ್ಟು ನೋಡಿದಳು. "ಮರ್ತಿಲ್ಲ. ಆದರ ಇದು ಬಟ್ಟಿ ಅಲ್ಲ. ಎದಿಯಿಂದ ಕೆಳಗ ಇಳಿಯೋ ದೊಡ್ಡ ರಕ್ತನಾಳ ಉಬ್ಬಿದಂಗ ಕಾಣ್ತದ. ಸೈಕಲ್ ಟ್ಯೂಬು ಒಂದು ಕಡಿ ಉಬ್ಬತದಲ್ಲ, ಹಂಗ. ಒಡೀತಂದ್ರ ದವಾಖಾನಿ ಮುಟ್ಟೂದೂ ಕಷ್ಟ. ಅರವತ್ತು ದಾಟ್ಯಾನ, ಮ್ಯಾಲ ಬೀಡಿ. ಈಗಿಂದೀಗ ಹೊಂಡ್ರಿ!"

ನಿಂಬೆವ್ವನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಗಿ ಎಣ್ಣೆಯ ಕೈ ಹಿಂದೆ ತೆಗೆದಳು.

ಗುಲ್ಬರ್ಗಾದಲ್ಲಿ ಸ್ಕ್ಯಾನಿಂಗ್ ಮಾಡಿದಾಗ ನರ್ಸಬಾಯಿಯ ಅನುಮಾನವೇ ನಿಜವಾಯಿತು. ಅಲ್ಲಿಂದ ಆಪರೇಶನ್ನಿಗೆಂದು ಹೈದರಾಬಾದಿನ ದೊಡ್ಡ ದವಾಖಾನೆಗೆ ಕಳಿಸಿದರು.

"ಕೊಯ್ದ ಹೊಟ್ಟಿ ಮೊದಲಿನಂಗ ಆಗ್ತದೇನು? ಸಾಯೂದಿದ್ರ ಮನ್ಯಾಗೇ ಸಾಯ್ಲಿ, ಕರ್ಕೊಂಡು ಹೋಗ್ತೇನಿ," ಎಂದು ನಿಂಬೆವ್ವ ಸೆರಗು ಬಾಯಿಗೊತ್ತಿ ಅತ್ತಳು.

ಡಾಕ್ಟರು ಉರ್ದುವಿನಲ್ಲಿ ಹೇಳಿದ್ದನ್ನು ಜೊತೆಗೆ ಬಂದಿದ್ದ ನರ್ಸಬಾಯಿ ಬಿಡಿಸಿ ಹೇಳಿದಳು: "ಹೊಟ್ಟಿ ಕೊಯ್ಯಂಗಿಲ್ಲ ಬೇ. ತೊಡಿ ಸಂದಿನಾಗ ಸಣ್ಣ ಗಾಯ ಮಾಡಿ, ನಾಳದೊಳಗಿಂದನೇ ಅರಿವಿ ಹೊದಿಸಿದ ನಳಗಿ ಏರಸ್ತಾರ. ರಕ್ತ ಅದರಾಗ ಹರೀತದ, ಉಬ್ಬಿದ ಕಡಿ ಭಾರ ಬೀಳಂಗಿಲ್ಲ. ಹೊಸಾ ಪದ್ಧತಿ, ಎಲ್ಲಾರಿಗೂ ಒಗ್ಗಂಗಿಲ್ಲ, ಇವನಿಗೆ ಒಗ್ಗತದಂತ. ಅಪಾಯ ಇಲ್ಲಂತ ಅಲ್ಲ. ಬಿಟ್ರ ಅದಕ್ಕಿಂತ ಅಪಾಯ."

ನಿಂಬೆವ್ವ ತನ್ನ ಕೈ ನೋಡಿಕೊಂಡಳು. "ಇದೇ ಕೈಲಿಂದ ತಿಕ್ಕತಿದ್ನಲ್ಲ ಯವ್ವಾ! ಆಗಲಿ, ಮಾಡ್ಲಿ."

ನಳಿಗೆ ಹಾಕಿದ ಕೆಲವೇ ದಿನಗಳಲ್ಲಿ ಖಂಡಪ್ಪ ಎದ್ದು ಓಡಾಡಿದ. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಎಲ್ಲಿ ಎಂದು ಕೇಳಿದ. ನಿಂಬೆವ್ವನಿಗೆ ಹೋದ ಜೀವ ಬಂದಂತಾಯಿತು. ಊರಿಗೆ ಬಂದವಳೇ ಅವನ ಬೀಡಿ ಕಟ್ಟನ್ನು ಒಲೆಗೆ ಹಾಕಿದಳು.

ಮುಂದೆ ತಪಾಸಣೆಯ ದಿನ ಬಂದಾಗ ಖಂಡಪ್ಪ ಕಂಬಕ್ಕೆ ಒರಗಿ ಕೂತುಬಿಟ್ಟ. "ಆರಾಮ ಇದ್ದೇನಿ, ಮತ್ಯಾಕ ಹೈದರಾಬಾದ?"

"ಒಳಗಿನ ನಳಗಿ ಸರಿದ್ರ ಅದನ್ನ ತಿಕ್ಕಿ ಕೂಡಸಾಕ ನನಗ ಬರಂಗಿಲ್ಲ. ಏಳು!" ಎಂದಳು ನಿಂಬೆವ್ವ.

ಅವನು ಎದ್ದ. ಸ್ಕ್ಯಾನಿಂಗ್ ಮಾಡಿದ ಡಾಕ್ಟರು, ನಳಿಗೆ ಇಟ್ಟಲ್ಲೇ ಇದೆ, ಗಂಟೂ ಸಣ್ಣದಾಗಿದೆ ಎಂದು ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ನಿಂಬೆವ್ವ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಅಣ್ಣಂದಿರೇ, ಅಕ್ಕಂದಿರೇ, ಹಿರಿಯರ ಹೊಟ್ಟೆಯಲ್ಲಿ ಬಡಿಯುವ ಗಂಟು ಕೈಗೆ ಸಿಕ್ಕರೆ ತಿಕ್ಕಿಸಬೇಡಿರಿ, ದವಾಖಾನೆಗೆ ತೋರಿಸಿರಿ. ಹೊಟ್ಟೆ, ಬೆನ್ನು ನೋಯುತ್ತಿದ್ದರೆ ಒಂದು ಗಳಿಗೆಯೂ ತಡಮಾಡಬೇಡಿರಿ. ಬೀಡಿ ಬಿಡಿಸಿರಿ. ನಳಿಗೆ ಹಾಕಿಸಿಕೊಂಡವರು ಎಷ್ಟೇ ಆರಾಮ ಇದ್ದರೂ ಡಾಕ್ಟರು ಹೇಳಿದಾಗಲೆಲ್ಲ ಹೋಗಿ ಬನ್ನಿರಿ. ನಿಂಬೆವ್ವ ಅಂದು ಕೈ ಹಿಂದೆ ತೆಗೆದಳು. ಖಂಡಪ್ಪ ಇಂದಿಗೂ ಅದೇ ಕೈಯ ರೊಟ್ಟಿ ತಿನ್ನುತ್ತಿದ್ದಾನೆ.