ಮುನಿರಾಮಯ್ಯನ ಸರದಿ

ಪಾನನಿರೋಧ ಇದ್ದ ಕಾಲದಲ್ಲಿ ಜಡಿಗೇನಹಳ್ಳಿ ಕಡೆಯ ಆ ಊರು ಪೊಲೀಸರಿಗೆ ತಿಂಗಳಿಗೆ ಇಬ್ಬರು ಕುಡುಕರನ್ನು ಒದಗಿಸಬೇಕಾಗಿತ್ತು. ಕೇಸು ಕಡಿಮೆಯಾದರೆ ದಫೇದಾರರಿಗೆ ಮೇಲಿನವರಿಂದ ಬೈಗುಳ. ನಿಜವಾದ ಕುಡುಕರನ್ನೇ ಹಿಡಿಯೋಣವೆಂದರೆ ಅವರಲ್ಲಿ ಅರ್ಧ ಜನ ದಫೇದಾರರ ಮನೆಗೆ ಹಾಲು ತರಕಾರಿ ಕೊಡುವವರು, ಇನ್ನರ್ಧ ಜನ ಅವರ ಜೊತೆಯಲ್ಲೇ ಕುಡಿಯುವವರು. ಹಾಗಾಗಿ ಪಂಚಾಯಿತಿ ಛೇರ್ಮನ್ ಆದಿನಾರಾಯಣಪ್ಪ ಕೆರೆ ನೀರಿಗೆ ಸರದಿ ಇಟ್ಟ ಹಾಗೆ ಇದಕ್ಕೂ ಮನೆಮನೆಗೆ ಸರದಿ ಇಟ್ಟಿದ್ದರು. ಸರದಿ ಬಂದವನು ಸ್ನಾನ ಮಾಡಿ, ಮುದ್ದೆ ಉಂಡು, ಕೋರ್ಟಿಗೆ ಹೋಗಿ ‘ಕುಡಿದಿದ್ದೆ ಸ್ವಾಮಿ’ ಎಂದು ಕೈಮುಗಿಯಬೇಕು. ದಂಡ ಊರೊಟ್ಟಿನದು. ಸಾಕ್ಷಿಗೆ ಗೋಪಾಲಪ್ಪ ಇದ್ದೇ ಇದ್ದ. ಆ ಪುಣ್ಯಾತ್ಮ ವರ್ಷಕ್ಕಾಗುವಷ್ಟು ಖಾಲಿ ಕಾಗದಗಳಿಗೆ ಮೊದಲೇ ಸಹಿ ಹಾಕಿಟ್ಟಿದ್ದ.

ಅರವತ್ತಾರರ ಬೇಸಿಗೆಯಲ್ಲಿ ಮುನಿರಾಮಯ್ಯನ ಸರದಿ ಬಂತು. ಅಣ್ಣ ಸಾರಾಯಿ ಕುಡಿದೇ ಸತ್ತಿದ್ದರಿಂದ ಮುನಿರಾಮಯ್ಯ ಆ ವಾಸನೆ ಇದ್ದ ಕಡೆ ನಿಲ್ಲುತ್ತಲೂ ಇರಲಿಲ್ಲ.

“ಅಣ್ಣೋ, ನಾನು ಕುಡಿಯೋದೇ ಇಲ್ವಲ್ಲ. ನಮ್ಮಮ್ಮ ಎದೆ ಒಡ್ಕೊತಾಳೆ” ಎಂದ.

“ನಿನ್ನ ಕುಡಿಯೋ ಅಂದ್ನೇನಯ್ಯ? ಕುಡ್ದೆ ಅನ್ನು ಅಂದೆ” ಎಂದರು ಆದಿನಾರಾಯಣಪ್ಪ. “ಕುಡಿಯೋರೆಲ್ಲ ಕುಡ್ದಿಲ್ಲ ಅಂತಾವ್ರೆ. ಕುಡೀದೋನು ಕುಡ್ದೆ ಅಂದ್ರೆ ನಿನ್ನ ಗಂಟೇನು ಹೋಗ್ತದೆ?”

ಕೋರ್ಟಿಗೆ ಹೊಸ ಮ್ಯಾಜಿಸ್ಟ್ರೇಟರು ಬಂದಿದ್ದರು. ಕಾನೂನಿನ ಪುಸ್ತಕವನ್ನು ನಿಜವಾಗಿಯೂ ಓದಿದ್ದ ಎಳೆಯ ಮನುಷ್ಯ. “ನೋಡಪ್ಪಾ, ಯೋಚನೆ ಮಾಡಿ ಹೇಳು. ಒಪ್ಪಿಕೋ ಅಂತ ನಿನ್ನನ್ನು ಯಾರೂ ಬಲವಂತ ಮಾಡೋ ಹಾಗಿಲ್ಲ. ಒಪ್ಪದೇ ಇರೋದು ನಿನ್ನ ಹಕ್ಕು” ಎಂದರು.

ನಲವತ್ತು ವರ್ಷದಲ್ಲಿ ಮುನಿರಾಮಯ್ಯನನ್ನು ಯಾರೂ ಯೋಚನೆ ಮಾಡಿ ಹೇಳು ಎಂದು ಕೇಳಿರಲಿಲ್ಲ. ಅವನ ಕಣ್ಣು ತುಂಬಿತು. “ಇಲ್ಲ ಸ್ವಾಮಿ, ಹುಟ್ಟಿದಾಗಿನಿಂದ ಮುಟ್ಟಿಲ್ಲ” ಎಂದುಬಿಟ್ಟ. ದಫೇದಾರರು ಅವನನ್ನು ತಿನ್ನುವ ಹಾಗೆ ನೋಡಿದರು. ಮ್ಯಾಜಿಸ್ಟ್ರೇಟರು ಸಂತೋಷದಿಂದ ಬರೆದುಕೊಂಡು ಎರಡು ತಿಂಗಳಿಗೆ ವಾಯಿದೆ ಹಾಕಿದರು. ಆಮೇಲೆ ಅವರಿಗೆ ವರ್ಗವಾಯಿತು. ಹಕ್ಕು ಮುನಿರಾಮಯ್ಯನ ಕೊರಳಲ್ಲಿ ಉಳಿಯಿತು.

ಊರು ಅವನ ಮೇಲೆ ಮುನಿಸಿಕೊಂಡಿತು. ಸರದಿ ತಪ್ಪಿಸಿದನಲ್ಲ! ಬಾವಿಕಟ್ಟೆಯಲ್ಲಿ ಹೆಂಗಸರು ಅವನ ತಾಯಿ ಕದಿರಮ್ಮನಿಗೆ ಕೇಳುವ ಹಾಗೆಯೇ, “ದೊಡ್ಡವನು ಕುಡಿದು ಹೋದ, ಚಿಕ್ಕವನು ಕೋರ್ಟಿಗೆ ಅಲೀತಾವ್ನೆ” ಎಂದು ಆಡಿಕೊಂಡರು. ಮುದುಕಿ ನೀರಿಗೆ ಹೋಗುವುದನ್ನೇ ಬಿಟ್ಟಳು. ಪ್ರತಿ ವಾಯಿದೆಯಿಂದ ಮಗ ಬಂದಾಗಲೂ, “ನೀನು ಕುಡ್ದಿಲ್ಲ ಅಂತ ಬರೆದ್ರೇನಪ್ಪಾ?” ಎಂದು ಕೇಳುವಳು. ಅವನಿಗೂ ಬೇಕಾಗಿದ್ದದ್ದು ಅದೊಂದೇ ಮಾತು.

ಮರುವರ್ಷ ಸರ್ಕಾರ ಪಾನನಿರೋಧವನ್ನೇ ತೆಗೆದುಹಾಕಿತು. ಊರಲ್ಲಿ ಸಾರಾಯಿ ಅಂಗಡಿ ಬಂತು, ಕಂಟ್ರಾಕ್ಟು ಆದಿನಾರಾಯಣಪ್ಪನವರದೇ. ಇನ್ನು ತನ್ನ ಕೇಸೂ ಹೋಯಿತೆಂದುಕೊಂಡು ಮುನಿರಾಮಯ್ಯ ಕೋರ್ಟಿನ ಗುಮಾಸ್ತನನ್ನು ವಿಚಾರಿಸಿದ.

“ಅದು ಹ್ಯಾಗೆ ಹೋಗ್ತದೆ? ನೀನು ಕುಡಿದಾಗ ಕಾನೂನಿತ್ತಲ್ಲ.”

“ನಾನು ಕುಡ್ದಿಲ್ಲ ಸ್ವಾಮಿ.”

“ಅದನ್ನು ತಿಳ್ಕೊಳ್ಳೋಕೇ ಅಲ್ವೇನಯ್ಯ ವಿಚಾರಣೆ ಇರೋದು?”

ಹೀಗೆ ಊರಿಗೆ ಊರೇ ಅಂಗಡಿ ಮುಂದೆ ಕೂತು ಕುಡಿಯುತ್ತಿದ್ದರೆ, ಅದರ ಎದುರಿಗೇ ಹಾದು, ಬಸ್ಸು ಹತ್ತಿ, ಕುಡಿದ ಆರೋಪಕ್ಕೆ ಉತ್ತರ ಕೊಡಲು ಹೋಗುತ್ತಿದ್ದವನು ಮುನಿರಾಮಯ್ಯ ಒಬ್ಬನೇ.

ಅರವತ್ತೆಂಟರಲ್ಲಿ ಕೊನೆಗೂ ಸಾಕ್ಷಿ ನಡೆಯಿತು. ಗೋಪಾಲಪ್ಪ ಬೆಳಗ್ಗೆಯೇ ಅಂಗಡಿಗೆ ಹೋಗಿಬಂದು ಕಟಕಟೆ ಹಿಡಿದು ನಿಂತ. ಆರೋಪಿಯ ಬಾಯಿಂದ ಸಾರಾಯಿ ವಾಸನೆ ಬರುತ್ತಿತ್ತು ಎಂದ. ಎಷ್ಟು ದೂರದಲ್ಲಿದ್ದೆ ಎಂದು ಈಗಿನ ಮ್ಯಾಜಿಸ್ಟ್ರೇಟರು ಕೇಳಿದರು.

“ಮೂರು ಮಾರು ಸ್ವಾಮಿ.”

“ಅಷ್ಟು ದೂರಕ್ಕೆ ವಾಸನೆ ಬಂತೇ?”

ಗೋಪಾಲಪ್ಪ ತಲೆ ಕೆರೆದುಕೊಂಡ. “ನನ್ ಬಾಯಿದೇ ಇದ್ರೂ ಇರಬೌದು ಸ್ವಾಮಿ.”

ಕೋರ್ಟೆಲ್ಲ ನಕ್ಕಿತು. ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿ ಬರೆಸಿದರು. ಗುಮಾಸ್ತ ಮುನಿರಾಮಯ್ಯನ ಕಡೆ ತಿರುಗಿ, “ಸಂಶಯದ ಲಾಭ ಕೊಟ್ಟು ಬಿಟ್ಟಿದ್ದಾರೆ, ಹೋಗು” ಎಂದ.

“ಯಾರಿಗೆ ಸಂಶಯ ಸ್ವಾಮಿ?”

“ಕೋರ್ಟಿಗೆ. ನೀನು ಕುಡಿದಿದ್ದೆಯೋ ಇಲ್ಲವೋ ಅಂತ.”

“ಕುಡ್ದಿಲ್ಲ ಅಂತ ಬರೆದಿಲ್ವಾ?”

“ಬಿಡುಗಡೆ ಆಯ್ತಲ್ಲಯ್ಯ, ಇನ್ನೇನು ಮೆರವಣಿಗೆ ಮಾಡಿಸ್ಬೇಕಾ?” ಎಂದು ಗುಮಾಸ್ತ ಮುಂದಿನ ಕೇಸು ಕೂಗಿದ.

ಮುನಿರಾಮಯ್ಯ ಊರಿಗೆ ಬಂದಾಗ ಕದಿರಮ್ಮ ಜಗಲಿಯಲ್ಲಿ ಕೂತಿದ್ದಳು. ಬಿಂದಿಗೆ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಅವನನ್ನು ಕಂಡು ನಿಧಾನವಾಗಿ ನಡೆಯತೊಡಗಿದರು.

“ಬರೆದ್ರೇನಪ್ಪಾ?”

“ಹೂಂ ಕಣಮ್ಮ. ಮುನಿರಾಮಯ್ಯ ಕುಡಿದೇ ಇಲ್ಲ ಅಂತ ಬರೆದ್ರು.”

“ನನ್ನ ತಲೆ ಮುಟ್ಟಿ ಹೇಳು” ಎಂದಳು ಮುದುಕಿ, ಬೀದಿಗೆಲ್ಲ ಕೇಳುವ ಹಾಗೆ.

ಎರಡು ವರ್ಷ ಕೋರ್ಟಿನಲ್ಲಿ ಒಂದೂ ಸುಳ್ಳು ಹೇಳದಿದ್ದ ಮುನಿರಾಮಯ್ಯ ಅಮ್ಮನ ತಲೆಯ ಮೇಲೆ ಕೈಯಿಟ್ಟು ಹೇಳಿದ.