ಸೇತುವೆಯ ಹದಿಮೂರನೆಯ ಸೈನಿಕ

ಕೆಂಝೆಬೆಕನ ಮಗ ದೌರೆನ್ ತೀರಿಕೊಂಡು ಏಳು ತಿಂಗಳಾಗಿತ್ತು. ಪ್ರತಿ ಶುಕ್ರವಾರ ಸೊಸೆ ಶೋಲ್ಪಾನ್ ಸತ್ತವರ ಹೆಸರಿನಲ್ಲಿ ಏಳು ರೊಟ್ಟಿ ಕರಿಯುತ್ತಿದ್ದಳು. ಮುದುಕ ಕೆಂಝೆಬೆಕ್ ಅಂಗೈ ಎತ್ತಿ ಒಬ್ಬೊಬ್ಬರನ್ನೇ ನೆನೆದು ಪ್ರಾರ್ಥಿಸುತ್ತಿದ್ದ. ಮಗನ ಹೆಸರು ಮಾತ್ರ ಅವನ ಬಾಯಿಗೆ ಬರುತ್ತಿರಲಿಲ್ಲ.

ದೌರೆನ್ ಕಂಪ್ಯೂಟರಿನ ಯುದ್ಧದಾಟದೊಳಗೆ ತಾನೇ ಒಂದು ಕಾಳಗ ಕಟ್ಟಿಟ್ಟಿದ್ದ. ಹದಿಮೂರು ಸೈನಿಕರನ್ನು ಸೇತುವೆ ದಾಟಿಸಬೇಕು. ಆ ಶುಕ್ರವಾರ ರೊಟ್ಟಿ ಆರುವಷ್ಟರಲ್ಲಿ ಶೋಲ್ಪಾನ್ ಅದನ್ನು ಮಾವನಿಗೆ ಆಡಿ ತೋರಿಸಿದಳು.

“ನಿಮ್ಮ ಮಗ ಬಲು ಕಿಲಾಡಿ ಮಾವ. ಆರು ಸಲ ಸೋಲಿಸಿದಾರೆ ನನ್ನ.”

ಹನ್ನೆರಡು ಮಂದಿ ದಾಟಿದರು. ಹದಿಮೂರನೆಯವನು ಎಷ್ಟು ಕರೆದರೂ ಬರಲಿಲ್ಲ. ಶತ್ರುವಿನ ಟ್ಯಾಂಕುಗಳು ಗುಂಡು ಸುರಿಸಿದವು. ಹೊಗೆ ಕರಗಿದಾಗಲೂ ಅವನು ಅಲ್ಲೇ, ಇವರ ಕಡೆಗೇ ಮುಖಮಾಡಿ ನಿಂತಿದ್ದ. ಅವನ ತಲೆಯ ಮೇಲೆ ಬರೆದಿದ್ದ ಹೆಸರು ಸಪರ್ಬಾಯ್. ಯುದ್ಧಕ್ಕೆ ಹೋಗಿ ಮರಳದ, ಗೋರಿಯೂ ಇಲ್ಲದ, ಕೆಂಝೆಬೆಕನ ಅಪ್ಪ.

“ತಾತಂಗೆ ಸಾವೇ ಬರದ ಹಾಗೆ ಮಾಡಿಟ್ಟಿದಾರೆ,” ಎಂದಳು ಶೋಲ್ಪಾನ್.

ಮುದುಕ ತೆರೆಯಿಂದ ಹಿಂದೆ ಸರಿದ. ಸಾವಿಲ್ಲದವನು ದೇವರೊಬ್ಬನೇ.

“ಅದನ್ನ ತೆಗೆದುಬಿಡಮ್ಮ.”

“ಪ್ರೀತಿಯಿಂದ ಮಾಡಿದ್ದು ಮಾವ! ತೆಗೆದ್ರೆ ಮೊದಲ ಗುಂಡಿಗೇ ಹೋಗ್ತಾರೆ.”

“ಹೋಗಲಿ ತಾಯಿ. ಅರವತ್ತು ವರ್ಷದಿಂದ ನಿಂತಿದಾನೆ, ಕಾಲು ನೋಯಲ್ವಾ ಅವನಿಗೆ?”

ಅವಳು ಸಾವನ್ನು ತಡೆದಿದ್ದ ಆ ಒಂದು ಗುರುತನ್ನು ಅಳಿಸಿ ಮತ್ತೆ ಆಡಿದಳು. ಮೊದಲ ಗುಂಡಿಗೇ ಸಪರ್ಬಾಯ್ ಬಿದ್ದ. ಹೊಗೆ ಕರಗಿತು, ಅವನು ಏಳಲಿಲ್ಲ.

ಕೆಂಝೆಬೆಕ್ ಅಂಗೈ ಎತ್ತಿ ಅಪ್ಪನ ಹೆಸರು ಹೇಳಿದ. ಆಮೇಲೆ, ಬಿದ್ದವನ ಮೇಲಿಂದ ಕಣ್ಣು ಕೀಳದೆ, ಮೆಲ್ಲಗೆ ದೌರೆನ್‌ನ ಹೆಸರನ್ನೂ ಹೇಳಿದ.